ಕಾನೂನು ಪ್ರಶ್ನೋತ್ತರ: ವಾಟ್ಸ್‌ಆ್ಯಪ್ ಮಾತು ಕೋರ್ಟಿನಲ್ಲಿ ನಿಲ್ಲುತ್ತದೆಯೇ?

ಪ್ರಶ್ನೆ: ಎರಡು ಲೋಡ್ ತೋತಾಪುರಿ ಮಾವು ಕೊಟ್ಟಿದ್ದೇನೆ. ದರ, ಬಾಕಿ ಎಲ್ಲವನ್ನೂ ವ್ಯಾಪಾರಿ ವಾಟ್ಸ್‌ಆ್ಯಪ್‌ನಲ್ಲಿ ಒಪ್ಪಿದ್ದಾರೆ. ಈಗ ದುಡ್ಡು ಕೊಡುತ್ತಿಲ್ಲ. ಸ್ಕ್ರೀನ್‌ಶಾಟ್ ಪ್ರಿಂಟ್ ಲಗತ್ತಿಸಿ ದಾವೆ ಹೂಡಿದರೆ ಸಾಕೆ?
– ಓದುಗರು, ಶ್ರೀನಿವಾಸಪುರ

ಉತ್ತರ: ಬರೀ ಪ್ರಿಂಟ್ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ನಕಲಿನ ಜೊತೆ ಪ್ರಮಾಣಪತ್ರ ಬೇಕು. ವಕೀಲರು ಈಗಲೂ ‘65ಬಿ’ ಎನ್ನುವುದು ಇದರ ಹಳೆಯ ರೂಪವನ್ನೇ, ಅಂದರೆ ಹಿಂದಿನ ಸಾಕ್ಷ್ಯ ಕಾಯ್ದೆಯ ಕಲಂ. ನಮೂನೆ ಕಾಯ್ದೆಯ ಅನುಸೂಚಿಯಲ್ಲೇ ಇದೆ. ‘ಎ’ ಭಾಗಕ್ಕೆ ಫೋನ್ ಬಳಸುವ ನೀವು, ‘ಬಿ’ ಭಾಗಕ್ಕೆ ತಜ್ಞರು ಸಹಿ ಹಾಕಬೇಕು. ಫೋನಿನ ಮಾಡೆಲ್, ಬಣ್ಣ, ಐಎಂಇಐ (ಫೋನಿನ ಗುರುತಿನ) ನಂಬರು ಬರೆಯಬೇಕು. *#06# ಒತ್ತಿದರೆ ನಂಬರು ಸಿಗುತ್ತದೆ.

ಎಡವುವುದು ಪ್ರಮಾಣಪತ್ರದಲ್ಲಿ ಬರೆಯಬೇಕಾದ ಹ್ಯಾಶ್ ಮೌಲ್ಯದಲ್ಲಿ. ಇದು ಫೈಲಿನ ಬೆರಳಚ್ಚು ಇದ್ದಂತೆ. ಚಾಟನ್ನು ಫೋಟೊ, ವಾಯ್ಸ್ ಸಮೇತ ಎಕ್ಸ್‌ಪೋರ್ಟ್ ಮಾಡಿ. ಆ ಫೈಲಿಗೆ ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಹ್ಯಾಶ್ ಲೆಕ್ಕ ಹಾಕಿದರೆ 64 ಅಕ್ಷರ, ಅಂಕಿಗಳ ಒಂದು ಸಾಲು ಬರುತ್ತದೆ. ಫೈಲಿನಲ್ಲಿ ಒಂದು ಚುಕ್ಕಿ ಅಳಿಸಿದರೂ ಆ ಸಾಲು ಗುರುತು ಸಿಗದಷ್ಟು ಬದಲಾಗುತ್ತದೆ. ಹಾಗಾಗಿ ಹ್ಯಾಶ್ ತೆಗೆದ ಫೈಲನ್ನು ಮುಟ್ಟಬೇಡಿ, ಓದಲು ಬೇರೆ ನಕಲು ಇಟ್ಟುಕೊಳ್ಳಿ.

ಸ್ಕ್ರೀನ್‌ಶಾಟ್‌ನಲ್ಲಿ ‘ಮಂಡಿ ಅಣ್ಣ’ ಎಂದು ನೀವು ಸೇವ್ ಮಾಡಿದ ಹೆಸರಷ್ಟೇ ಕಾಣುತ್ತದೆ. ಪಾಟೀ ಸವಾಲಿನಲ್ಲಿ ಎದುರು ವಕೀಲರು ಮೊದಲು ಹಿಡಿಯುವುದೇ ಇದನ್ನು. ನಂಬರು ಕಾಣುವ ಪುಟವನ್ನೂ ಸೇರಿಸಿ. ಸಿಟ್ಟಿನಲ್ಲಿ ನೀವು ಕಳಿಸಿದ ಮೆಸೇಜನ್ನೂ ಅಳಿಸಬೇಡಿ. ನಡುವೆ ಖಾಲಿ ಬಿದ್ದರೆ ಉಳಿದದ್ದರ ಮೇಲೂ ಅನುಮಾನ ಬರುತ್ತದೆ. ತೀರ್ಪು ಬರುವವರೆಗೆ ಈ ಫೋನ್ ಮಾರಬೇಡಿ, ರೀಸೆಟ್ ಮಾಡಬೇಡಿ.

ಮೂಲ ಫೋನನ್ನೇ ಸಾಕ್ಷಿಕಟ್ಟೆಗೆ ತಂದು ಅದು ನಿಮ್ಮದೆಂದು ರುಜುವಾತು ಮಾಡಿದರೆ ಪ್ರಮಾಣಪತ್ರ ಬೇಡ ಎಂದು ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದರೂ ಪ್ರಮಾಣಪತ್ರ ಮಾಡಿಸಿಕೊಳ್ಳಿ, ಫೋನ್ ಯಾವಾಗ ಕೆಡುತ್ತದೋ ಹೇಳಲಾಗದು. ಹಣಕ್ಕೆ ಗಡುವು ಮಾತಾಡಿಲ್ಲದಿದ್ದರೆ ಮಾಲು ಕೊಟ್ಟ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು.

ಪ್ರಶ್ನೆ: ತಮ್ಮನ ಬೈಕಿಗೆ ಲಾರಿ ಗುದ್ದಿದ್ದು ಪೆಟ್ರೋಲ್ ಬಂಕಿನ ಸಿಸಿಟಿವಿಯಲ್ಲಿದೆ. ಬಂಕಿನವರು ‘ಆಮೇಲೆ ಬನ್ನಿ’ ಎನ್ನುತ್ತಾರೆ.
– ಓದುಗರು, ಶಿರಾ

ಉತ್ತರ: ಕಾಯಬೇಡಿ. ಡಿಸ್ಕ್ ತುಂಬಿದ ಕೂಡಲೇ ಡಿವಿಆರ್ (ಸಿಸಿಟಿವಿ ದೃಶ್ಯ ದಾಖಲಿಸುವ ಯಂತ್ರ) ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ. ದಿನಾಂಕ, ಸಮಯ ಬರೆದು ದೃಶ್ಯ ಉಳಿಸಿಕೊಳ್ಳುವಂತೆ ಇವತ್ತೇ ಬಂಕಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ, ತನಿಖಾಧಿಕಾರಿಗೂ ಒಂದು ಪ್ರತಿ ಕೊಡಿ. ಡಿವಿಆರ್ ಗಡಿಯಾರ ಎಷ್ಟು ನಿಮಿಷ ಹಿಂದು ಮುಂದಿದೆ ಎಂದೂ ಗುರುತು ಹಾಕಿಕೊಳ್ಳಿ. ಮೇಲೆ ಹೇಳಿದ ಪ್ರಮಾಣಪತ್ರ ಇದಕ್ಕೂ ಬೇಕು; ಅದರ ‘ಎ’ ಭಾಗಕ್ಕೆ ಸಹಿ ಮಾಡಬೇಕಾದವರು ಆ ಯಂತ್ರ ನೋಡಿಕೊಳ್ಳುವ ಬಂಕಿನವರು, ನೀವಲ್ಲ. ಕೇಳಿದರೂ ಕೊಡದಿದ್ದರೆ, ಕೊಡಿಸುವಂತೆ ಕೋರ್ಟಿಗೆ ಅರ್ಜಿ ಹಾಕಬಹುದು.