ಓದುಗರ ಪ್ರಶ್ನೆಗೆ ಉತ್ತರ: ಮಳೆಗಾಲಕ್ಕೆ ಕಾರಿನ ಟೈರ್ ಬದಲಿಸುವುದು ಯಾವಾಗ?

ಪ್ರಶ್ನೆ: ನಾನು ತೀರ್ಥಹಳ್ಳಿಯ ನಿವಾಸಿ. ವಾರಕ್ಕೊಮ್ಮೆ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ ಬರುತ್ತೇನೆ. ಕಾರಿನ ಟೈರ್‌ಗಳಿಗೆ ನಾಲ್ಕು ವರ್ಷವಾಗಿದೆ, 38,000 ಕಿ.ಮೀ. ಓಡಿವೆ. ತೋಡುಗಳ ಆಳ ಅಳೆಸಿದಾಗ ಮುಂದಿನವು 3 ಮಿ.ಮೀ., ಹಿಂದಿನವು 4 ಮಿ.ಮೀ. ಇದ್ದವು. ಅಂಗಡಿಯವರು ‘ಬಟನ್ (ಟೈರಿನ ಮೈಮೇಲಿನ ಉಬ್ಬು) ಇನ್ನೂ ಇದೆ, ಈ ಮಳೆಗಾಲ ಧಾರಾಳವಾಗಿ ಕಳೆಯುತ್ತದೆ, ದೀಪಾವಳಿಗೆ ಬನ್ನಿ’ ಎನ್ನುತ್ತಾರೆ. ಜರ್ಮನಿಯಲ್ಲಿರುವ ಅಳಿಯಂದಿರು, ಅಲ್ಲಿ ಅಕ್ಟೋಬರ್ ಬಂತೆಂದರೆ ಎಲ್ಲರೂ ಚಳಿಗಾಲದ ಟೈರ್ ಹಾಕಿಸುತ್ತಾರೆ, ನೀವೂ ವಿಚಾರಿಸಿ ನೋಡಿ ಎಂದಿದ್ದಾರೆ. ನಮ್ಮ ಕಡೆಗೆ ಅಂಥದ್ದೇನಾದರೂ ಲೆಕ್ಕ ಇದೆಯೇ? ನಾನು ಟೈರ್ ಯಾವಾಗ ಬದಲಿಸಲಿ?

ಉತ್ತರ: ನಿಮ್ಮ ಮುಂದಿನ ಎರಡು ಟೈರ್‌ಗಳನ್ನು ಈ ಮೇ ತಿಂಗಳಲ್ಲಿಯೇ, ಕೃತ್ತಿಕಾ ಮಳೆಯ ಹೊತ್ತಿಗೆ ಬದಲಿಸುವುದು ಒಳ್ಳೆಯದು. ದೀಪಾವಳಿಯವರೆಗೆ ಕಾಯುವ ಸಲಹೆ ಬಯಲುಸೀಮೆಯಲ್ಲಿ ಓಡಾಡುವವರಿಗೆ ಸರಿಹೋದೀತು. ವಾರವಾರವೂ ಆಗುಂಬೆ ಇಳಿಯುವವರಿಗೆ ಅಲ್ಲ.

ಮೊದಲು ಅಳಿಯಂದಿರ ಮಾತನ್ನು ತೆಗೆದುಕೊಳ್ಳೋಣ, ಏಕೆಂದರೆ ಅದರ ಹಿಂದಿನ ತರ್ಕ ನಮಗೂ ಉಪಯೋಗಕ್ಕೆ ಬರುತ್ತದೆ. ಸಾಮಾನ್ಯ ಟೈರಿನ ರಬ್ಬರು ಉಷ್ಣಾಂಶ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಂತೆ ಗಡುಸಾಗುತ್ತಾ ಹೋಗಿ ರಸ್ತೆಯ ಮೇಲಿನ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರನ್ನು ಅಂತಹ ಚಳಿಯಲ್ಲೂ ಮೆತ್ತಗೇ ಉಳಿಯುವ ರಬ್ಬರಿನಿಂದ ಮಾಡಿ, ಹಿಮವನ್ನು ಕಚ್ಚಿಕೊಳ್ಳಲೆಂದು ಅದರ ಮೈಮೇಲೆ ಕೂದಲೆಳೆಯಷ್ಟು ತೆಳ್ಳಗಿನ ಸೀಳುಗಳನ್ನು ಒತ್ತೊತ್ತಾಗಿ ಕೊಟ್ಟಿರುತ್ತಾರೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂತಹ ಟೈರ್ ಕಡ್ಡಾಯ. ಜರ್ಮನಿಯ ಕಾನೂನು ತಾರೀಕನ್ನು ಹೇಳುವುದಿಲ್ಲ. ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಚಳಿಗಾಲದ ಟೈರ್ ಇರಲೇಬೇಕು ಎನ್ನುತ್ತದೆ. ಜನ ಮಾತ್ರ ಅಕ್ಟೋಬರಿನಿಂದ ಈಸ್ಟರ್ ಹಬ್ಬದವರೆಗೆ ಎಂದು ರೂಢಿಯ ಲೆಕ್ಕ ಇಟ್ಟುಕೊಂಡಿದ್ದಾರೆ. ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿನ ಗುರುತಿರುವ ಟೈರನ್ನಷ್ಟೇ 2024ರ ಅಕ್ಟೋಬರ್ 1ರಿಂದ ಅಲ್ಲಿ ಚಳಿಗಾಲದ ಟೈರ್ ಎಂದು ಒಪ್ಪುತ್ತಾರೆ.

ಮಲೆನಾಡಿನಲ್ಲಿ ಪುಷ್ಯಮಾಸದ ಬೆಳಗಿನ ಜಾವಕ್ಕೂ ಉಷ್ಣಾಂಶ ಸಾಮಾನ್ಯವಾಗಿ ಹತ್ತು ಡಿಗ್ರಿಗಿಂತ ಮೇಲೆಯೇ ಇರುತ್ತದೆ. ಆದ್ದರಿಂದ ಆ ಟೈರ್ ನಮಗೆ ಬೇಡ. ಬೇಡ ಎನ್ನುವುದಷ್ಟೇ ಅಲ್ಲ, ನಮ್ಮ ಬಿಸಿಲಿನಲ್ಲಿ ಅದರ ಮೆತ್ತನೆಯ ರಬ್ಬರು ಬೇಗ ಸವೆದು, ಬ್ರೇಕ್ ಒತ್ತಿದಾಗ ಕಾರು ನಿಲ್ಲುವ ದೂರವೂ ಹೆಚ್ಚುತ್ತದೆ. ಆದರೆ ಕಷ್ಟದ ಋತು ಬರುವ ಮೊದಲೇ ಟೈರನ್ನು ಸಿದ್ಧಪಡಿಸಿಕೊಳ್ಳಬೇಕೆನ್ನುವ ಅವರ ರೂಢಿಯನ್ನು ನಾವು ಹಾಗೆಯೇ ತೆಗೆದುಕೊಳ್ಳಬಹುದು. ಅವರಿಗೆ ಹಿಮವಾದರೆ ನಮಗೆ ಮಳೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ದಾರಿಯಲ್ಲಿ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಳೆಯಲ್ಲಿ ಟೈರಿನ ತೋಡುಗಳು ಮಾಡುವ ಕೆಲಸ ಒಂದೇ: ಟೈರ್ ಮತ್ತು ಡಾಂಬರಿನ ನಡುವೆ ಸಿಕ್ಕಿಕೊಂಡ ನೀರಿಗೆ ಹೊರಹೋಗಲು ದಾರಿ ಕೊಡುವುದು. ತೋಡಿನ ಆಳ ಕಡಿಮೆಯಾದಂತೆ ಹೊರಹೋಗುವ ನೀರೂ ಕಡಿಮೆಯಾಗುತ್ತದೆ. ಒಂದು ವೇಗ ದಾಟಿದ ಮೇಲೆ ನೀರು ಟೈರಿನಡಿ ಪದರದಂತೆ ನಿಂತು ಚಕ್ರವನ್ನು ರಸ್ತೆಯಿಂದ ಎತ್ತಿಬಿಡುತ್ತದೆ. ಆಗ ಸ್ಟಿಯರಿಂಗ್ ಹಗುರವಾದಂತೆ ಅನ್ನಿಸುತ್ತದೆ, ತಿರುಗಿಸಿದರೆ ಕಾರು ತಿರುಗುವುದಿಲ್ಲ, ಬ್ರೇಕ್ ಒತ್ತಿದರೂ ಪ್ರಯೋಜನವಾಗುವುದಿಲ್ಲ. ನಮ್ಮ ಕಾನೂನು ಕಾರಿಗೆ ಒಪ್ಪುವ ಕನಿಷ್ಠ ಆಳ 1.6 ಮಿ.ಮೀ. ಟೈರಿನ ಬದಿಯಲ್ಲಿ ಟಿಡಬ್ಲ್ಯೂಐ ಎಂಬ ಅಕ್ಷರಗಳೋ ಸಣ್ಣ ತ್ರಿಕೋನವೋ ಇರುವ ಕಡೆ ನೇರ ಮೇಲಕ್ಕೆ ನೋಡಿದರೆ, ತೋಡಿನ ತಳದಲ್ಲಿ ರಬ್ಬರಿನ ಪುಟ್ಟ ದಿಂಡು ಕಾಣುತ್ತದೆ. ಟೈರ್ ಸವೆದು ಆ ದಿಂಡಿನ ಮಟ್ಟಕ್ಕೆ ಬಂದರೆ 1.6 ಮಿ.ಮೀ. ಆಯಿತೆಂದು ಅರ್ಥ. ಅಂಗಡಿಯವರು ‘ಬಟನ್ ಇದೆ’ ಎನ್ನುವುದು ಈ ಗೆರೆಯನ್ನು ನೋಡಿ. ಆ ಮಟ್ಟಿಗೆ ಅವರ ಮಾತು ಸುಳ್ಳಲ್ಲ. ಆದರೆ ಇದು ಕಾನೂನಿನ ಗಡಿಯೇ ಹೊರತು ಜಡಿಮಳೆಗೆ ಭರವಸೆ ಅಲ್ಲ. ಮಳೆ ಹೆಚ್ಚಿರುವ ಕಡೆ 3 ಮಿ.ಮೀ.ಗೆ ಬಂದ ಕೂಡಲೇ ಬದಲಿಸಬೇಕು ಎನ್ನುವುದು ನಮ್ಮ ಅಭಿಪ್ರಾಯ.

ಇನ್ನು ನಿಮ್ಮ ಲೆಕ್ಕ. ಹೊಸ ಕಾರಿನ ಟೈರಿನಲ್ಲಿ ಸಾಮಾನ್ಯವಾಗಿ 7ರಿಂದ 8 ಮಿ.ಮೀ. ಆಳ ಇರುತ್ತದೆ. 8 ಎಂದೇ ಹಿಡಿದರೂ, 38,000 ಕಿ.ಮೀ. ಓಡುವಷ್ಟರಲ್ಲಿ ಮುಂದಿನವು 5 ಮಿ.ಮೀ. ಸವೆದಿವೆ, ಅಂದರೆ ಸುಮಾರು 7,600 ಕಿ.ಮೀ.ಗೆ ಒಂದು ಮಿ.ಮೀ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀವು 3,000 ಕಿ.ಮೀ. ಓಡಿಸಿದರೆ 2.6 ಮಿ.ಮೀ.ಗೆ ಇಳಿಯುತ್ತೀರಿ. ಪುನರ್ವಸು, ಪುಷ್ಯ ಮಳೆಗಳು ಬಿಡುವು ಕೊಡದೆ ಹೊಯ್ಯುವ ಜುಲೈಯಲ್ಲಿ, ಘಾಟಿಯ 14 ಹಿಮ್ಮುರಿ ತಿರುವುಗಳಲ್ಲಿ ಧರೆಯ ನೀರು ರಸ್ತೆಗೆ ಅಡ್ಡಲಾಗಿ ಹರಿಯುತ್ತಿರುವಾಗ, ನಿಮ್ಮ ಟೈರ್ ತನ್ನ ಅತ್ಯಂತ ದುರ್ಬಲ ಸ್ಥಿತಿಯಲ್ಲಿರುತ್ತದೆ. ದೀಪಾವಳಿಗೆ ಹೊಸದು ಹಾಕಿಸಿದರೆ ಅದರ ಪೂರ್ತಿ ಆಳ ಒಣರಸ್ತೆಯ ಏಳು ತಿಂಗಳಲ್ಲಿ ಸವೆಯತೊಡಗಿ, ಮುಂದಿನ ಮುಂಗಾರಿಗೆ ಹಳೆಯದಾಗಿರುತ್ತದೆ. ಹಬ್ಬದ ರಿಯಾಯಿತಿ ಅಂಗಡಿಯ ದಾಸ್ತಾನಿಗೆ ಅನುಕೂಲವೇ ಹೊರತು ನಮ್ಮ ಮಳೆಗಾಲಕ್ಕಲ್ಲ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣವನ್ನು ಕೊಳೆರೋಗ ಕಾಣಿಸಿಕೊಂಡ ಮೇಲೆ ಹೊಡೆಯುತ್ತೇನೆಂದು ತೋಟದವರು ಯಾರೂ ಕಾಯುವುದಿಲ್ಲವಷ್ಟೆ.

ಮೇ ತಿಂಗಳೇ ಏಕೆ ಎನ್ನುವುದಕ್ಕೆ ಮತ್ತೊಂದು ಕಾರಣವಿದೆ. ಅಚ್ಚಿನಿಂದ ಸುಲಭವಾಗಿ ಬಿಡಿಸಲು ಬಳಸಿದ ಜಾರು ಪದಾರ್ಥದ ಅಂಶ ಹೊಸ ಟೈರಿನ ಮೇಲ್ಮೈಯಲ್ಲಿ ಉಳಿದಿರುತ್ತದೆ. ಒಣರಸ್ತೆಯಲ್ಲಿ ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಿದ ಮೇಲಷ್ಟೇ ಅದರ ಪೂರ್ತಿ ಹಿಡಿತ ಸಿಗುತ್ತದೆ. ಕೃತ್ತಿಕಾ ಮಳೆ ಮೇ 11ರ ಸುಮಾರಿಗೂ, ರೋಹಿಣಿ 25ರ ಸುಮಾರಿಗೂ ಆರಂಭವಾಗುತ್ತವೆ. ಮುಂಗಾರು ನಿಜವಾಗಿ ಹಿಡಿಯುವುದು ಮೃಗಶಿರಾ ಹೊತ್ತಿಗೆ. ಕೃತ್ತಿಕೆಯಲ್ಲಿ ಟೈರ್ ಹಾಕಿಸಿದರೆ, ನಡುವೆ ಒಂದೆರಡು ಅಡ್ಡಮಳೆ ಬಂದರೂ, ಒಗ್ಗಿಕೊಳ್ಳಲು ಬೇಕಾದಷ್ಟು ಒಣದಿನಗಳು ಸಿಗುತ್ತವೆ. ಅಡ್ಡಮಳೆಯ ದಿನ ವಿಶೇಷ ಎಚ್ಚರವಿರಲಿ: ಬೇಸಿಗೆಯಿಡೀ ರಸ್ತೆಯಲ್ಲಿ ಕೂತ ಧೂಳು, ಎಣ್ಣೆ, ರಬ್ಬರಿನ ಪುಡಿ ಮೊದಲ ಹನಿಗಳಿಗೆ ನೆನೆದು ಸಾಬೂನಿನಂತಾಗುತ್ತವೆ, ಜೋರು ಮಳೆ ಬಂದು ತೊಳೆದುಹೋದ ಮೇಲೆ ಅಷ್ಟು ಜಾರುವುದಿಲ್ಲ.

ಕೊಳ್ಳುವಾಗ ಟೈರಿನ ಬದಿಯಲ್ಲಿರುವ ನಾಲ್ಕಂಕಿಯ ಸಂಖ್ಯೆಯನ್ನು ಓದಿ. 0825 ಎಂದಿದ್ದರೆ 2025ರ ಎಂಟನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ರಿಯಾಯಿತಿಯ ಟೈರ್ ಗೋದಾಮಿನಲ್ಲಿ ಎರಡು ಮೂರು ವರ್ಷ ಕೂತದ್ದಾಗಿದ್ದರೆ ಬೇರೆ ತರಿಸಿಕೊಡಿ ಎಂದು ಕೇಳಲು ಸಂಕೋಚ ಬೇಡ. ಟೈರ್ ಹಾಕಿಸಿದ ದಿನವೇ ವೀಲ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿಕೊಳ್ಳಿ. ಹಳೆಯ ಟೈರ್ ಒಂದು ಅಂಚಿನಲ್ಲಿ ಮಾತ್ರ ಹೆಚ್ಚು ಸವೆದಿತ್ತೇ ಎಂಬುದನ್ನು ಅಂಗಡಿಯವರು ಕಳಚಿದಾಗಲೇ ಕೈಯಾಡಿಸಿ ನೋಡುವುದು ಒಳ್ಳೆಯದು. ಹಾಗಿದ್ದರೆ ಅಲೈನ್‌ಮೆಂಟ್ ಕೆಟ್ಟು ಬಹಳ ದಿನವಾಗಿದೆ ಎಂದು ತಿಳಿಯಬೇಕು.

ಪ್ರಶ್ನೆ: ಈ ವರ್ಷ ಎರಡೇ ಟೈರ್ ಬದಲಿಸಲು ಸಾಧ್ಯ. ನನ್ನದು ಮುಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಕಾರು. ಹೊಸದನ್ನು ಮುಂದೆಯೇ ಹಾಕಿಸಬೇಕಲ್ಲವೇ? (ಹೊಸನಗರದ ಓದುಗರು)

ಉತ್ತರ: ಇಲ್ಲ, ಹಿಂದೆ ಹಾಕಿಸಿ. ಎಳೆಯುವುದೂ ತಿರುಗುವುದೂ ಮುಂದಿನ ಚಕ್ರಗಳೇ ಆದ್ದರಿಂದ ಒಳ್ಳೆಯ ಟೈರ್ ಅಲ್ಲೇ ಇರಲಿ ಎಂದು ಎಲ್ಲರಿಗೂ ಅನ್ನಿಸುತ್ತದೆ. ಆದರೆ ನೀರಿನಲ್ಲಿ ಮುಂದಿನ ಚಕ್ರ ಹಿಡಿತ ಬಿಟ್ಟರೆ ಕಾರು ತಿರುಗದೆ ನೇರ ಹೋಗುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ವೇಗ ಇಳಿದು ಬಹುಮಟ್ಟಿಗೆ ಹಿಡಿತ ಮರಳುತ್ತದೆ. ಹಿಂದಿನ ಚಕ್ರ ಬಿಟ್ಟರೆ ಕಾರಿನ ಹಿಂಭಾಗವೇ ಬೀಸಿ ಬಂದು ಗಾಡಿ ಅಡ್ಡ ತಿರುಗುತ್ತದೆ; ಅದನ್ನು ಹುಲಿಕಲ್ ಘಾಟಿಯ ತಿರುವಿನಲ್ಲಿ ಸರಿಪಡಿಸಿಕೊಳ್ಳುವುದು ನುರಿತ ಚಾಲಕರಿಗೂ ಕಷ್ಟ. ಆದ್ದರಿಂದ ಈಗ ಹಿಂದಿರುವ ಚೆನ್ನಾದ ಜೋಡಿಯನ್ನು ಮುಂದಕ್ಕೆ ತಂದು, ಹೊಸ ಜೋಡಿಯನ್ನು ಹಿಂದೆ ಹಾಕಿಸಬೇಕು. ತೀರ್ಥಹಳ್ಳಿಯವರು ಮಾಡಬೇಕಾದದ್ದೂ ಇದನ್ನೇ. ತೆಗೆದ ಟೈರಿನಲ್ಲಿ ಒಂದನ್ನು ಸ್ಟೆಪ್ನಿಗೆ ಇಟ್ಟುಕೊಳ್ಳುವ ಯೋಚನೆ ಇದ್ದರೆ, ಅದು ಪಂಕ್ಚರ್ ಅಂಗಡಿ ತಲುಪುವವರೆಗೆ ಮಾತ್ರ ಎಂಬ ತಿಳಿವಳಿಕೆಯಿಂದ ಇಟ್ಟುಕೊಳ್ಳಿ.

ಪ್ರಶ್ನೆ: ಮುಖ್ಯರಸ್ತೆಯಿಂದ ನಮ್ಮ ತೋಟದ ಮನೆಗೆ ಒಂದು ಕಿ.ಮೀ. ಮಣ್ಣಿನ ದಾರಿ. ಮಳೆಗಾಲದಲ್ಲಿ ಕಾರು ರಾಡಿಯಲ್ಲಿ ಹೂತುಹೋಗುತ್ತದೆ. ದಪ್ಪ ಬಟನ್ನಿನ ಟೈರ್ ಹಾಕಿಸಲೇ? (ಸಾಗರ ತಾಲ್ಲೂಕಿನ ಓದುಗರು)

ಉತ್ತರ: ಒಂದು ಕಿಲೋಮೀಟರ್ ದಾರಿಗಾಗಿ ವರ್ಷವಿಡೀ ಡಾಂಬರಿನ ಮೇಲೆ ಸದ್ದು ಮಾಡುವ, ಇಂಧನ ಹೆಚ್ಚು ಕುಡಿಯುವ ಟೈರ್ ಸಣ್ಣ ಕಾರಿಗೆ ಬೇಡ. ಅಗಲ ಬಿಡುವಿನ ಬಟನ್ನುಗಳು ಕೆಸರನ್ನು ಉದುರಿಸಿಕೊಳ್ಳುತ್ತವೆ, ನಿಜ. ಆದರೆ ಒದ್ದೆ ಡಾಂಬರಿನಲ್ಲಿ ಅಂತಹ ಟೈರ್ ನಿಲ್ಲಲು ಸಾಮಾನ್ಯವಾಗಿ ಹೆಚ್ಚು ದೂರ ತೆಗೆದುಕೊಳ್ಳುತ್ತದೆ. ನಿಮ್ಮದು ಎತ್ತರದ ಜೀಪು, ದಿನದ ಓಡಾಟ ಹೆಚ್ಚಾಗಿ ಮಣ್ಣಿನಲ್ಲೇ ಎಂದಾದರೆ ಮಾತು ಬೇರೆ. ಉಳಿದವರು ಅದೇ ಹಣದಲ್ಲಿ ಚಕ್ರ ಹೋಗುವ ಎರಡು ಜಾಡಿಗೆ ಜಂಬಿಟ್ಟಿಗೆ ಚೂರು, ಜಲ್ಲಿ ಹಾಕಿಸಿ, ಪಕ್ಕದಲ್ಲಿ ನೀರು ಹೋಗಲು ಕಾಲುವೆ ತೆಗೆಸುವುದು ಮೇಲು. ನೆರಳಿನ ಕಡೆ ಕಲ್ಲಿನ ಮೇಲೆ ಕಟ್ಟುವ ಹಾವಸೆಯನ್ನು ಹೆರೆಸುತ್ತಿರಬೇಕು. ಹಾವಸೆಯ ಮೇಲೆ ಯಾವ ಟೈರೂ ನಿಲ್ಲುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಹಿಡಿತ ಹೆಚ್ಚುತ್ತದೆ ಎನ್ನುತ್ತಾರೆ. ಹೌದೇ? (ಕೊಪ್ಪದ ಓದುಗರು)

ಉತ್ತರ: ಡಾಂಬರು ರಸ್ತೆಗೆ ಇದು ತಪ್ಪು ಸಲಹೆ. ಗಾಳಿ ಕಡಿಮೆಯಾದ ಟೈರಿನ ನಡುಭಾಗ ಒಳಕ್ಕೆ ತಗ್ಗಿ, ತೋಡುಗಳು ಮುಚ್ಚಿಕೊಂಡು, ಕಾರು ನೀರಿನ ಮೇಲೆ ಇನ್ನೂ ಕಡಿಮೆ ವೇಗದಲ್ಲೇ ತೇಲುತ್ತದೆ. ಚಾಲಕರ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಅಳತೆಯಷ್ಟನ್ನೇ ಹಾಕಿಸಿ. ಉಷ್ಣಾಂಶ 10 ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು ಒಂದೂವರೆ ಪೌಂಡ್ ತಾನಾಗಿಯೇ ಇಳಿಯುತ್ತದೆ. ಏಪ್ರಿಲ್‌ನ ಬಿಸಿಲಿನಲ್ಲಿ ಹಾಕಿಸಿದ ಗಾಳಿ ಜೂನ್‌ನಲ್ಲಿ ಸಾಕಾಗುವುದಿಲ್ಲ. ಬೆಳಗ್ಗೆ ಕಾರು ಹೊರಡಿಸಿದ ಕೂಡಲೇ, ಟೈರ್ ಬಿಸಿಯಾಗುವ ಮೊದಲು, ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ನೋಡಿಸಿಕೊಳ್ಳಿ. ಸ್ಟೆಪ್ನಿಯ ಗಾಳಿಯನ್ನೂ ಅದೇ ಹೊತ್ತಿಗೆ ನೋಡಿಸಬೇಕು.