ಟೆಸ್ಟ್ ಬಿಟ್ಟು ಬೇರೇನು ಮಾಡಲಿ?

ಪ್ರಶ್ನೆ: ಐದನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತೇನೆ. ಟೆಸ್ಟ್ ಅಂದರೆ ಸಾಕು, ಮಕ್ಕಳ ಮುಖ ಸಪ್ಪಗಾಗುತ್ತದೆ. ಬೇರೆ ದಾರಿ ಇದೆಯೇ ಮೇಡಂ?
– ಒಬ್ಬ ಶಿಕ್ಷಕಿ, ಹಾಸನ

ಉತ್ತರ: ಇದೆಯಲ್ಲ, ಮಕ್ಕಳ ಸಂತೆ! ಶಾಲೆಯಲ್ಲೇ ಮಕ್ಕಳು ತರಕಾರಿ ಗಿರಕಾರಿ ತಂದು ಮಾರುವ ಸಂತೆ ಅದು. ಎಷ್ಟೋ ಕಡೆ ಅದು ಸುಮ್ನೆ ಫೋಟೋಗಾಗಿ ನಡೆಯುತ್ತದೆ, ಅದೇ ಬೇಜಾರು. ನೀವು ಗಿರಾಕಿಯಾಗಿ ಹೋಗಿ. ಕೆಜಿಗೆ 60 ರೂಪಾಯಿಯ ಬೀನ್ಸ್ ಕಾಲು ಕೆಜಿ ಕೇಳಿ, 50ರ ನೋಟು ಕೊಡಿ, 35 ರೂಪಾಯಿ ಚಿಲ್ಲರೆ ಹೇಗೆ ಬಂತು ಅಂತ ಮಗುವೇ ಬಾಯಿಬಿಟ್ಟು ಹೇಳಲಿ. ಭಿನ್ನರಾಶಿ, ತೂಕ, ಕಳೆಯುವ ಲೆಕ್ಕ ಎಲ್ಲವೂ ಅಲ್ಲೇ ಗೊತ್ತಾಗುತ್ತದೆ ಅಲ್ವಾ? ತಪ್ಪಿದರೆ ಬೈಯಬೇಡಿ. ಎಲ್ಲಿ ಎಡವಿತು ಅಂತ ಒಂದು ಸಾಲು ಬರೆದಿಟ್ಟುಕೊಂಡು, ಮುಂದಿನ ವಾರ ಅಷ್ಟನ್ನೇ ಮತ್ತೆ ಹೇಳಿಕೊಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲೂ ಮಗು ತನ್ನ ವೇಗದಲ್ಲೇ ಮುಂದಕ್ಕೆ ಹೋಗುತ್ತದೆ. ಎಫ್‌ಎ (ಪಾಠದ ಜೊತೆಜೊತೆಗೇ ನಡೆಯುವ ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯ ಅಂಕವನ್ನೂ ಈ ಸಂತೆಯಿಂದಲೇ ಕೊಡಬಹುದು.