ನಮೂನೆ ಆಮೇಲೆ, ಗಮನಿಸುವವರು ಯಾರೆಂಬುದು ಮೊದಲು

ವಿದ್ಯಾರ್ಥಿಗಳೇ ಪಾಠವನ್ನು ಗಮನಿಸಿ ಅಭಿಪ್ರಾಯ ಕೊಡಲು ಯಾವ ಮೌಲ್ಯಮಾಪನ ನಮೂನೆ ಒಳ್ಳೆಯದು ಎಂದು ಕೇಳಿದ್ದೀರಿ. ಆ ನಮೂನೆಯ ಹುಡುಕಾಟದಲ್ಲಿ ನಾನೂ ಒಂದಿಡೀ ರಜೆ ಕಳೆದವನು. ಸಿಕ್ಕ ನಮೂನೆಯೂ ಚೆನ್ನಾಗಿಯೇ ಇತ್ತು. ಕೆಲಸ ಕೆಟ್ಟದ್ದು ಅದನ್ನು ತುಂಬಲು ನನ್ನದೇ ತರಗತಿಯ ಇಬ್ಬರು ಜಾಣರನ್ನು ಆರಿಸಿದ್ದರಿಂದ. ಅವರ ಆಂತರಿಕ ಅಂಕ ನನ್ನ ಕೈಯಲ್ಲಿತ್ತು. ಅಂಕ ಕೊಡುವವನಿಗೇ ಹಾಳೆ ಒಪ್ಪಿಸಬೇಕಾದವರು ಏನು ಬರೆದಾರು? ಪ್ರತಿ ಸಾಲಿನಲ್ಲೂ ‘ಉತ್ತಮ’. ಹೆಸರು ಬರೆಯಬೇಡಿ ಎಂದಿದ್ದೆ. ಇಬ್ಬರ ಕೈಬರಹ ಗುರುತಿಸಲು ಹೆಸರೇ ಬೇಕೆ? ಸಾಲದ್ದಕ್ಕೆ ಸಹಪಾಠಿಗಳು ಅವರನ್ನು ಚಾಡಿಕೋರರೆಂದು ದೂರವಿಟ್ಟರು. ಪಾಠ ಅರಗಿಸಿಕೊಳ್ಳುವುದು, ಪಾಠ ಮಾಡುವವರನ್ನು ಗಮನಿಸುವುದು, ಎರಡನ್ನೂ ಒಟ್ಟಿಗೆ ಮಾಡಲಾಗದೆ ಅವರ ಓದೂ ಹಿಂದೆ ಬಿತ್ತು.

ಅಮೆರಿಕದ ಬ್ರಿನ್ ಮಾರ್ ಕಾಲೇಜಿನಲ್ಲಿ 2006ರಲ್ಲಿ ಶುರುವಾದ ಕಾರ್ಯಕ್ರಮದಲ್ಲಿ, ಆ ಕೋರ್ಸಿಗೆ ಸೇರದ ವಿದ್ಯಾರ್ಥಿಗಳು ವಾರವಾರವೂ ತರಗತಿಯಲ್ಲಿ ಕುಳಿತು ಟಿಪ್ಪಣಿ ಬರೆದು ಅಧ್ಯಾಪಕರೊಂದಿಗೆ ಚರ್ಚಿಸುತ್ತಾರೆ. ಅದಕ್ಕೆ ಸಂಭಾವನೆಯೂ ಉಂಟು. ವಿಷಯವೇ ಗೊತ್ತಿಲ್ಲದವರು ಏನು ಹೇಳಿಯಾರು ಎಂದುಕೊಂಡೇ ನಾನೂ ಅದೇ ಮಾದರಿಯಲ್ಲಿ ಬೇರೆ ವಿಭಾಗದ ಒಬ್ಬ ವಿದ್ಯಾರ್ಥಿನಿಯನ್ನು ಕರೆದೆ. ನಮೂನೆ ಕೊಡಲಿಲ್ಲ. ಖಾಲಿ ಹಾಳೆಯಲ್ಲಿ ಮೂರು ಅಂಕಣ: ಸಮಯ, ಕಂಡದ್ದು, ಅನಿಸಿದ್ದು.

‘10.20. ಪ್ರಶ್ನೆ ಕೇಳಿದರು. ಮೂರನೇ ಬೆಂಚಿನವಳು ಬರೆಯುವುದು ನಿಲ್ಲಿಸಿ ತಲೆ ಎತ್ತುವಷ್ಟರಲ್ಲಿ ಉತ್ತರವನ್ನೂ ಅವರೇ ಹೇಳಿದರು.’ ಪಕ್ಕದಲ್ಲಿ: ‘ಅವರಿಗೆ ಉತ್ತರ ನಿಜವಾಗಿ ಬೇಕಿತ್ತೇ?’

ಓದಿ ಸಿಟ್ಟು ಬಂತು. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡಷ್ಟೇ ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಅದನ್ನು ನಾನು ಇತರರಿಗೆ ಉಪದೇಶಿಸಿಯೂ ಇದ್ದೆ! ‘ಉತ್ತಮ’ ಎಂಬ ಗುರುತುಗಳ ರಾಶಿಯಲ್ಲಿ ಇದು ಎಂದೂ ಹೊರಬೀಳುತ್ತಿರಲಿಲ್ಲ.

ಹಾಗಾಗಿ ನಿಮಗೆ ಬೇಕಿರುವುದು ಮೌಲ್ಯಮಾಪನವೇ ಅಲ್ಲ ಎನ್ನುತ್ತೇನೆ. ವಿದ್ಯಾರ್ಥಿಯನ್ನು ತೀರ್ಪುಗಾರನ ಕುರ್ಚಿಯಲ್ಲಿ ಕೂರಿಸಬೇಡಿ. ಕಂಡದ್ದನ್ನು ಬರೆಯಲಿ, ಅದನ್ನಿಟ್ಟುಕೊಂಡು ಇಬ್ಬರೂ ಮಾತನಾಡಿ, ಆದಷ್ಟೂ ಅದೇ ದಿನ. ಆ ಟಿಪ್ಪಣಿ ಮುಖ್ಯಸ್ಥರ ಕಡತ ಸೇರುವುದಾದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಇನ್ನು, ಮೊದಲ ದಿನವೇ ತರಗತಿಗೆ ಗಮನಿಸಲು ಬಂದವರನ್ನು ಪರಿಚಯಿಸಿ, ‘ಇವರು ಬಂದಿರುವುದು ನನ್ನನ್ನು ನೋಡಲು, ನಿಮ್ಮನ್ನಲ್ಲ’ ಎಂದು ಬಾಯಿಬಿಟ್ಟು ಹೇಳಿ.